ಹೊಂಗೆ ಮರದ ಕೆಳಗಿನ ಹಳೇ ಇಂಗ್ಲಿಷು

ಮೊನ್ನೆ ಸೋಮವಾರ ನನ್ನ ಮೊಮ್ಮಗಳು ಶೈಲಜ ವಕೀಲರ ಕರಿ ಕೋಟು ತೊಟ್ಟು ದೇವನಹಳ್ಳಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಬರಬೇಡ ತಾತ ಎಂದು ಹೇಳಿಯೇ ಹೋಗಿದ್ದಳು. ನಾನು ಹಿಂದಿನ ಬಸ್ಸು ಹಿಡಿದು ಹೋಗಿ ಗೇಟಿನ ಪಕ್ಕದಲ್ಲಿ ನಿಂತು ನೋಡಿದೆ. ಒಟ್ಟು ಐದು ಮೆಟ್ಟಿಲು. ಐದನ್ನೂ ಹತ್ತಿದಳು! ಒಂದರಲ್ಲೂ ಎಡವಲಿಲ್ಲ. ನನ್ನ ಕೈಯಲ್ಲಿ ಒಂದು ಡಬ್ಬಿ ಮೈಸೂರುಪಾಕು ಇತ್ತು. ಬಸ್ಸಿನ ಕಂಡಕ್ಟರಿಗೆ, ಕೋರ್ಟಿನ ಜವಾನನಿಗೆ, ಛಾಪಾ ಕಾಗದ ಮಾರುವವನಿಗೆ ಕೊಟ್ಟೆ. ಕೈಕೋಳ ಹಾಕಿಸಿಕೊಂಡು ಪೊಲೀಸಿನವರ ಜೊತೆ ನಿಂತಿದ್ದವನೊಬ್ಬ ನೋಡುತ್ತಿದ್ದ. ಅವನ ಬಾಯಿಗೂ ಒಂದು ತುಂಡು ಇಟ್ಟೆ.

"ಯಾವ ಕೇಸು ಗೆದ್ರಿ ತಾತ?" ಎಂದು ಕೇಳಿದ.

"ಎಲ್ಲಾನೂ ಕಣಪ್ಪ," ಎಂದೆ.

ಸಾಯಂಕಾಲ ಮನೆಗೆ ಬಂದವಳು, "ತಾತ, ನನ್ ಜೊತೆ ಸೇರಿರೋ ಜೂನಿಯರ್‌ಗಳಿಗೆ ಒಂದು ಅರ್ಜಿ ನೆಟ್ಟಗೆ ಬರೆಯೋಕೆ ಬರಲ್ಲ. ನಿನ್ ಕಾಲ್ದಲ್ಲಿ ಹೆಂಗ್ ಬರೀತಿದ್ರಿ ಅಂತ ಬರ್ದುಕೊಡು," ಎಂದಳು. ಕೇಳಿದ್ದೇ ತಡ, ಅಂಗಡಿಗೆ ಹೋಗಿ ಇನ್ನೂರು ಪುಟದ ನೋಟ್‌ಬುಕ್ಕು ತಂದುಬಿಟ್ಟೆ. ಇಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ನನ್ನ ಹೆಂಡತಿ ಇದನ್ನು ಓದುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದದ್ದು ಮೂವತ್ತೆಂಟು ವರ್ಷ. ಇಂಗ್ಲಿಷ್ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಬೆಂಗಳೂರಿನ ಹೋಟೆಲಿನಲ್ಲಿ ಒಂದು ಲೋಟ ನೀರು ಕೇಳುವಷ್ಟು ಬರುವುದಿಲ್ಲ. ಆದರೆ 'ವೈಲಮ್' ಎಂದರೆ 'ಹಿಂದೊಂದು ಕಾಲದಲ್ಲಿ' ಎಂದು ಗೊತ್ತು. 'ಎಲಿಮಾಸಿನರಿ' ಎಂದರೆ ದಾನಧರ್ಮಕ್ಕೆ ಸಂಬಂಧಪಟ್ಟದ್ದು ಎಂದು ಗೊತ್ತು. ಇಂಗ್ಲಿಷಿನವರೇ ಮರೆತು ಅಟ್ಟಕ್ಕೆ ಹಾಕಿರುವ ಇಂಥ ಮಾತುಗಳು ನನ್ನ ತಲೆಯಲ್ಲಿ ಒಂದು ಮೂಟೆ ಇವೆ. ಶೈಲಜಳ ಕಾಲೇಜಿನ ಇಂಗ್ಲಿಷ್ ಮೇಷ್ಟರು ಒಮ್ಮೆ ಮನೆಗೆ ಬಂದಿದ್ದಾಗ ವೈಲಮ್ ಎಂದರೇನು ಸ್ವಾಮಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಕಾಫಿ ಚೆನ್ನಾಗಿದೆ ಎಂದರು.

ಇದನ್ನೆಲ್ಲ ನನಗೆ ಕಲಿಸಿದವರು ಮುನ್ಷಿ ಸಾಹೇಬರು. ಯುದ್ಧ ನಡೆಯುತ್ತಿದ್ದ ಕಾಲ, ನನಗೆ ಹತ್ತೊಂಬತ್ತು ವರ್ಷ. ಚನ್ನರಾಯಪಟ್ಟಣ ಹೋಬಳಿಯ ನಮ್ಮ ಊರಿನಿಂದ ನಮ್ಮಪ್ಪ ಹೊಲದ ಖಾತೆಯ ಕೆಲಸಕ್ಕೆಂದು ದೇವನಹಳ್ಳಿಗೆ ಬಂದಾಗ ನನ್ನನ್ನೂ ಕರೆದುಕೊಂಡು ಬಂದಿದ್ದರು. ತಾಲ್ಲೂಕು ಕಚೇರಿಯ ಆವರಣದಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ಚಾಪೆ, ಚಾಪೆಯ ಮೇಲೆ ಇಳಿಜಾರಿನ ಮರದ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಸಾಹೇಬರು. ಕಪ್ಪಗಿದ್ದ ಶೇರವಾನಿ ಬಿಸಿಲಿಗೆ ಹಸಿರಾಗಿತ್ತು. ಬೆಂಗಳೂರು ದಂಡಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ವಯಸ್ಸಾದ ಮೇಲೆ ಊರಿಗೆ ಬಂದು ಅರ್ಜಿ ಬರೆಯಲು ಕೂತಿದ್ದರು. ಪಕ್ಕದಲ್ಲಿ ರಟ್ಟು ಕಿತ್ತುಹೋದ ಒಂದು ದೊಡ್ಡ ಇಂಗ್ಲಿಷ್ ನಿಘಂಟು, ಇಟ್ಟಿಗೆಯ ಹಾಗೆ.

ನಮ್ಮಪ್ಪನ ಅರ್ಜಿಯ ಕೆಳಗೆ ಸಾಕ್ಷಿಯಾಗಿ ನಾನು ಹಾಕಿದ ರುಜುವನ್ನು ಸಾಹೇಬರು ತುಂಬಾ ಹೊತ್ತು ನೋಡಿದರು. "ಅಕ್ಷರ ಮುತ್ತಿನ ಹಾಗೆ ಇದೆಯಲ್ಲೋ ಬೇಟಾ. ಇಂಗ್ಲಿಷ್ ಬರುತ್ತಾ ನಿಂಗೆ?"

"ಇಲ್ಲ ಸಾಹೇಬ್ರೇ. ಎ ಬಿ ಸಿ ಡಿ ಬರೀತೀನಿ, ಅಷ್ಟೇ."

"ಬಹಳ ಒಳ್ಳೇದಾಯ್ತು. ಇಂಗ್ಲಿಷ್ ಬರೋರು ನಕಲು ಮಾಡುವಾಗ ತಿದ್ದೋಕೆ ಹೋಗ್ತಾರೆ. ನಾಳೆಯಿಂದ ಬಾ."

ಹೀಗೆ ಅರ್ಥ ಗೊತ್ತಿಲ್ಲದ್ದೇ ನನ್ನ ಅರ್ಹತೆಯಾಯಿತು. ಸಾಹೇಬರು ಕರಡು ಬರೆಯುವುದು, ನಾನು ಅದನ್ನು ಗುಂಡಗಿನ ಅಕ್ಷರದಲ್ಲಿ ಎರಡು ಪ್ರತಿ ಮಾಡುವುದು. ಒಂದು ಕಚೇರಿಗೆ, ಒಂದು ನಮ್ಮ ಪೆಟ್ಟಿಗೆಗೆ. ಊರಿನ ಕೆಲಸಕ್ಕೆ ಕನ್ನಡದಲ್ಲೇ ಅರ್ಜಿ ಕೊಡಬಹುದಾಗಿತ್ತು. ಆದರೆ ಹಳ್ಳಿಯವರು ಒಪ್ಪುತ್ತಿರಲಿಲ್ಲ. "ನಂಗೇ ಅರ್ಥ ಆಗೋ ಹಂಗಿದ್ರೆ ಅದಕ್ಕೆ ನಿಮ್ ಹತ್ರ ಯಾಕ್ ಬರ್ಲಿ?" ಎನ್ನುತ್ತಿದ್ದರು.

ಅರ್ಜಿಯ ಮೊದಲ ಸಾಲಿನಲ್ಲಿ 'ಶೋಯೆತ್' ಎಂಬ ಮಾತು ಬರುತ್ತಿತ್ತು. ವಿನಯದಿಂದ ತೋರಿಸಿಕೊಳ್ಳುವುದೇನೆಂದರೆ ಎಂದು ಅರ್ಥ. ಇದನ್ನು ಯಾವ ಇಂಗ್ಲಿಷಿನವನೂ ಬಾಯಲ್ಲಿ ಆಡುವುದಿಲ್ಲ, ಅವರ ಮುತ್ತಾತಂದಿರ ಕಾಲಕ್ಕೇ ಮುಗಿದುಹೋಯಿತು, ಅರ್ಜಿಯ ಹಾಳೆಯ ಮೇಲೆ ಮಾತ್ರ ಉಸಿರಾಡುತ್ತಿದೆ ಎಂದು ಸಾಹೇಬರು ಹೇಳಿದರು. ಹಾಗಾದರೆ ಹೊಸ ಮಾತು ಹಾಕಬಾರದೇ ಎಂದೆ. "ಹಳೇ ಅಕ್ಕಿ ಅನ್ನ ತಿಂದಿದ್ದೀಯೇನೋ? ಉದುರುದುರಾಗಿ ಬರುತ್ತೆ. ಹೊಸ ಅಕ್ಕಿ ಮುದ್ದೆ ಆಗುತ್ತೆ. ಮಾತೂ ಹಾಗೇ," ಎಂದರು.

ಬೇಡುವುದಕ್ಕೇ ನಾಲ್ಕು ಮಾತು ಕಲಿಸಿದರು. 'ಬೆಗ್' ಎಂದರೆ ನಿಂತುಕೊಂಡು ಬೇಡುವುದು. 'ಪ್ರೇ' ಎಂದರೆ ಕೈಮುಗಿದು. 'ಬಿಸೀಚ್' ಎಂದರೆ ಕಾಲು ಹಿಡಿದು. 'ಇಂಪ್ಲೋರ್' ಎಂದರೆ ಕಣ್ಣೀರು ಹಾಕಿ. ಅದರ ಮೂಲ ಲ್ಯಾಟಿನ್ನಿನಲ್ಲಿ ಅಳು ಎಂದೇ ಇದೆಯಂತೆ. ಇದು ಹೇಗೋ ಹಳ್ಳಿಗಳಿಗೆ ಗೊತ್ತಾಗಿಬಿಟ್ಟಿತು. ಒಬ್ಬ ಪಟೇಲರು ಬಂದು ಮೀಸೆ ತಿರುವಿಕೊಂಡು ಕೂತರು. "ಸಾಹೇಬ್ರೇ, ನಾನು ಯಾರ ಕಾಲೂ ಹಿಡಿಯೋನಲ್ಲ. ನಿಂತ್ಕೊಂಡೇ ಬೇಡೋದು ಹಾಕಿ."

"ಕೆರೆ ತೂಬು ರಿಪೇರಿ ಆಗ್ಬೇಕಾ ಬೇಡ್ವಾ ಗೌಡ್ರೇ?"

ಪಟೇಲರು ಸ್ವಲ್ಪ ಯೋಚಿಸಿ, ಅತ್ತಿತ್ತ ನೋಡಿ, "ಹಂಗಾದ್ರೆ ಕೈಮುಗೀತೀನಿ. ಕೆಳಗೆ ಮಾತ್ರ ಬಗ್ಗಿಸಬೇಡಿ," ಎಂದರು.

ಹೊಸದಾಗಿ ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಹೇಳಬೇಕಾದ ಮುಖ್ಯವಾದ ಸಂಗತಿ ಇದು. ಜನ ನಮ್ಮ ಹತ್ತಿರ ಬರುತ್ತಿದ್ದದ್ದು ಔಷಧಿಗೆ ಬಂದ ಹಾಗೆ. ಪಕ್ಕದ ಮನೆಯವನಿಗೆ ಯಾವ ಮಾತಿನಿಂದ ಗುಣವಾಯಿತೋ ಅದೇ ಮಾತು ತನಗೂ ಬೇಕು. ಆವತಿಯ ಚಿಕ್ಕಮುನಿಯಪ್ಪ ಊರ ಬಾವಿಯ ಹೂಳು ತೆಗೆಸಲು ಅರ್ಜಿ ಹಾಕಿದಾಗ ಸಾಹೇಬರು ಅಮಲ್ದಾರರನ್ನು 'ಇಂಡಿಫ್ಯಾಟಿಗಬಲ್' ಎಂದು ಕರೆದರು. ದಣಿವೇ ಗೊತ್ತಿಲ್ಲದವರು ಎಂದರ್ಥ. ಈಗಿನ ತಹಸೀಲ್ದಾರರನ್ನೇ ಆಗ ಅಮಲ್ದಾರರು ಎನ್ನುತ್ತಿದ್ದರು. ಅವರು ಆ ತಿಂಗಳು ಆವತಿಯಲ್ಲಿ ಮೊಕ್ಕಾಂ ಮಾಡುವವರಿದ್ದರು, ಅವರ ಕುದುರೆಗೇ ನೀರು ಬೇಕಾಗಿತ್ತು, ಹೂಳು ತೆಗೆಸಿದರು. ಊರಿನಲ್ಲಿ ಸುದ್ದಿಯಾದದ್ದು ಮಾತ್ರ ಬೇರೆ. "ಅದೇನೋ ಇಂಡಿ ಅಂತೆ ಕಣ್ರಪ್ಪಾ. ಹಾಕಿದ ಮೂರನೇ ವಾರಕ್ಕೆ ನೀರು!"

ಆಮೇಲೆ ನೋಡಿ. ಸಂತೆಯ ದಿನ ಹೊಂಗೆ ಮರದ ಕೆಳಗೆ ಸಾಲು. ಜಾನುವಾರು ಆಸ್ಪತ್ರೆ ಕೇಳುವವನಿಗೂ ಇಂಡಿ, ಸ್ಮಶಾನಕ್ಕೆ ದಾರಿ ಕೇಳುವವನಿಗೂ ಇಂಡಿ. ಹೆಸರು ಮಾಕಳಿದುರ್ಗದ ಕಡೆಯವರೆಗೂ ಹೋಯಿತು. ಬೆಟ್ಟದ ತಪ್ಪಲಿನ ರೈತನೊಬ್ಬ ಕಾಡುಹಂದಿ ಓಡಿಸಲು ಕೋವಿಗೆ ಲೈಸೆನ್ಸು ಕೇಳಿ ಬಂದ. ಸಾಹೇಬರು ಅವನ ಅರ್ಜಿಯಲ್ಲಿ ಅಮಲ್ದಾರರಿಗೆ ಬೇರೆ ವಿಶೇಷಣ ಹಾಕಿದ್ದರು. ಅವನು ಎದ್ದೇ ಹೋಗಲಿಲ್ಲ. "ಇಂಡಿ ಹಾಕಿ ಸಾಹೇಬ್ರೇ. ಎಲ್ಲಾದ್ರೂ ಹಾಕಿ." ಬೇಸತ್ತು ಅದನ್ನು ಹಂದಿಗಳಿಗೆ ಹಾಕಿದರು.

ಮಾರನೆಯ ವಾರ ಅಮಲ್ದಾರರಿಂದ ಕರೆ ಬಂತು. ಚಿಕ್ಕ ವಯಸ್ಸಿನವರು, ಮೈಸೂರಿನಲ್ಲಿ ಓದಿದವರು, ಕೈಯಲ್ಲಿ ಸದಾ ಒಂದು ನೀಲಿ ಪೆನ್ಸಿಲು. ನಾವು ಬರೆದ ದೊಡ್ಡ ಮಾತುಗಳ ಮೇಲೆಲ್ಲ ಅದನ್ನು ಎಳೆದಿದ್ದರು.

"ಏನ್ರೀ ಮುನ್ಷಿಗಳೇ, ಈ ತಿಂಗಳು ಹನ್ನೊಂದು ಅರ್ಜಿಯಲ್ಲಿ ನಾನು ಇಂಡಿಫ್ಯಾಟಿಗಬಲ್. ಹನ್ನೆರಡನೇದ್ರಲ್ಲಿ ಹಂದಿಗಳು. ನಾನು ಇದನ್ನ ಹೇಗೆ ತಿಳ್ಕೋಬೇಕು?"

ಸಾಹೇಬರು ತಲೆ ಬಗ್ಗಿಸಿ, "ಹುಜೂರ್, ಹಂದಿಗಳು ನಿಜವಾಗ್ಲೂ ದಣಿಯೋದಿಲ್ಲ," ಎಂದರು.

ಅಮಲ್ದಾರರು ನಗು ತಡೆಯಲು ಕಿಟಕಿಯ ಕಡೆ ತಿರುಗಿದ್ದು ನನಗೆ ಕಂಡಿತು. ಆದರೆ ಆ ಮಾತು ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನು ಮೇಲೆ ಕೂಡದು ಎಂದು ಅಪ್ಪಣೆಯಾಯಿತು. ಟೈಪು ಮೆಷೀನು ಬಂದ ಮೇಲೆ ಇಂಥ ತಮಾಷೆಗಳೆಲ್ಲ ಹೋದವು. ಟೈಪು ಮಾಡುವ ಹುಡುಗರಿಗೆ ಒಂದು ಅರ್ಜಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇರಲಿಲ್ಲ, ಎಲ್ಲವನ್ನೂ ಒಂದೇ ಸಮನೆ ಕುಟ್ಟುತ್ತಿದ್ದರು.

ಇನ್ನು ನಾನು ಮಾಡಿದ ಅನಾಹುತಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಸಾಹೇಬರ ಎರಡು ಕಟ್ಟುಗಳ ವಿಷಯ ಹೇಳಬೇಕು. ಕೆಲಸವಾದ ಅರ್ಜಿಗಳ ನಕಲನ್ನು ಕೆಂಪು ದಾರದಲ್ಲಿ ಕಟ್ಟಿ 'ಹಣ್ಣು' ಎನ್ನುತ್ತಿದ್ದರು. ಆಗದವು ಬಿಳಿ ದಾರದಲ್ಲಿ, 'ಕಾಯಿ'. ಹೊಸ ಅರ್ಜಿ ಬರೆಯುವಾಗ ಹಣ್ಣಿನ ಕಟ್ಟಿನಿಂದ ಅಂಥದ್ದೇ ಒಂದನ್ನು ತೆಗೆದು, ಹೆಸರು ಊರು ಬದಲಾಯಿಸಿ ನಕಲು ಮಾಡುವುದು ನಮ್ಮ ಪದ್ಧತಿ.

ಆ ಕಟ್ಟಿನಲ್ಲಿ ಎಲ್ಲರಿಗೂ ಗೊತ್ತಿದ್ದ ಹಣ್ಣು ವೆಂಕಟಮ್ಮನದು. ಅವಳ ಗಂಡ ಯುದ್ಧದಲ್ಲಿ ತೀರಿಕೊಂಡಿದ್ದ. ಅವನ ಟ್ರಂಕನ್ನು ಕಳಿಸಿಕೊಡಿ ಎಂದು ಮಿಲಿಟರಿ ಕಚೇರಿಗೆ ಸಾಹೇಬರು ಬರೆದ ಅರ್ಜಿಗೆ ಹದಿನೈದೇ ದಿನದಲ್ಲಿ ಜವಾಬು ಬಂದು, ಟ್ರಂಕೂ ಬಂದು, ಒಳಗೆ ಅವನ ಕಂಬಳಿ, ಅಂಗಿ ಎಲ್ಲ ಸಿಕ್ಕಿದ್ದವು.

ಒಂದು ಸಂತೆಯ ದಿನ ವೆಂಕಟಮ್ಮನ ಊರಿನವಳೇ ಅಕ್ಕಯ್ಯಮ್ಮ ಬಂದಳು. ಮಡಿಲಲ್ಲಿ ಎರಡು ಚಕ್ಕೋತ ಹಣ್ಣು, ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ. ಅವಳ ಗಂಡ ಬೈರಪ್ಪ ಮಿಲಿಟರಿ ಸೇರಿ ಎರಡು ವರ್ಷ. ಎಂಟು ತಿಂಗಳಿಂದ ಒಂದು ಕಾಗದವೂ ಇಲ್ಲ.

"ಇದಾನೋ ಇಲ್ವೋ, ಅಷ್ಟು ಕೇಳಿ ಬರ್ದುಕೊಡಣ್ಣ," ಎಂದಳು. "ಊರ್ನಾಗೆ ನಾನು ನೀರಿಗೆ ಹೋದ್ರೆ ಹೆಂಗಸ್ರು ಮಾತು ನಿಲ್ಲಿಸ್ತಾರೆ. ನಮ್ಮತ್ತೆ ನನ್ ಕೈ ನೋಡ್ತಾಳೆ. ಅದಕ್ಕೇ ಪ್ರತಿ ಸಂತೇಲೂ ಒಂದ್ ಡಜನ್ ಬಳೆ ಹಾಕ್ಸ್ಕೊಂಡು ಹೋಗ್ತೀನಿ. ಕೈಯಲ್ಲಿ ಜಾಗ ಮುಗೀತಾ ಬಂತು."

ಸಾಹೇಬರು ಹೊಸಕೋಟೆಗೆ ತಂಗಿಯ ಮಗಳ ನಿಕಾಹಕ್ಕೆ ಹೋಗಿದ್ದರು. ನಾಳೆ ಬಾ ಎನ್ನಬಹುದಾಗಿತ್ತು. ಆದರೆ ಮರದ ಕೆಳಗೆ ನಾನೊಬ್ಬನೇ ಕೂತಿದ್ದೆ, ಅವಳು ನನ್ನನ್ನು ಅಣ್ಣ ಎಂದಿದ್ದಳು. ಕರಡು ನಾನೇ ಬರೆಯುವವನ ಹಾಗೆ ಗಂಟಲು ಸರಿಮಾಡಿಕೊಂಡೆ.

"ವೆಂಕಟಮ್ಮನಿಗೆ ಬರ್ದಿದ್ನೇ ಬರಿ. ಒಂದಕ್ಷರ ಕಮ್ಮಿ ಮಾಡ್ದೆ ಅಂದ್ರೆ ನೋಡು," ಎಂದಳು.

ಕೆಂಪು ದಾರ ಬಿಚ್ಚಿದೆ. ಯಾವ ಸಾಲು ಯಾವುದಕ್ಕೆ ಎಂದು ಬರೆದೂ ಬರೆದೂ ಗುರುತಾಗಿತ್ತು, ಟ್ರಂಕಿನ ಸಾಲು ಬಿಟ್ಟೆ. ಕಾಗದ ಬಂದಿಲ್ಲ, ಸಮಾಚಾರ ತಿಳಿಸಿ ಎಂಬ ಸಾಲನ್ನು ಇನ್ನೊಂದು ಹಣ್ಣಿನಿಂದ ತೆಗೆದು ಸೇರಿಸಿದೆ. ವೆಂಕಟಮ್ಮನ ಜಾಗದಲ್ಲಿ ಅಕ್ಕಯ್ಯಮ್ಮ, ಅವಳ ಗಂಡನ ಜಾಗದಲ್ಲಿ ಬೈರಪ್ಪ. ಇಬ್ಬರ ಹೆಸರಿನ ನಡುವೆ 'ರೆಲಿಕ್ಟ್' ಎಂದು ಒಂದು ಮಾತು ಇತ್ತು. ಸೌಭಾಗ್ಯವತಿ ಎನ್ನುವ ಹಾಗೆ ಏನೋ ಗೌರವದ ಮಾತಿರಬೇಕು ಎಂದುಕೊಂಡೆ. ನಿಘಂಟು ಪಕ್ಕದಲ್ಲೇ ಇತ್ತು. ಬಿಚ್ಚಿದರೂ ಅದರ ಅರ್ಥ ಇಂಗ್ಲಿಷಿನಲ್ಲೇ ಇರುತ್ತಿತ್ತು, ಓದಿ ತಿಳಿಯುವಷ್ಟು ನನಗೆ ಬರುತ್ತಿರಲಿಲ್ಲ. ಗೌರವ ಎದ್ದು ಕಾಣಲಿ ಎಂದು ಅದನ್ನು ಕೆಂಪು ಮಸಿಯಲ್ಲಿ, ದಪ್ಪಗೆ ಬರೆದು ಕೆಳಗೆ ಗೆರೆ ಎಳೆದೆ.

"ಇದ್ರಲ್ಲಿ ಜೀವ ಇರೋ ಮಾತು ಯಾವ್ದಣ್ಣ?"

"ಇದೇ ಕಣಕ್ಕ, ಕೆಂಪಗಿರೋದು. ರೆಲಿಕ್ಟ್. ಅಂದ್ರೆ ನೀನು."

ಅವಳು ಅದನ್ನು ನಾಲ್ಕು ಸಲ ಹೇಳಿಕೊಂಡು, ಬಾಯಿಪಾಠ ಮಾಡಿಕೊಂಡು, ಹೆಬ್ಬೆಟ್ಟು ಒತ್ತಿ ಹೋದಳು. ನಾನೇ ಹೋಗಿ ಟಪಾಲಿಗೆ ಹಾಕಿ ಬಂದೆ. ಜೀವನದಲ್ಲಿ ಮೊದಲ ಸಲ ಒಬ್ಬನೇ ಅರ್ಜಿ ಬರೆದಿದ್ದೆ. ಚಕ್ಕೋತದ ಒಂದು ತೊಳೆಯನ್ನೂ ಯಾರಿಗೂ ಕೊಡದೆ ತಿಂದೆ.

ಮಾರನೆಯ ದಿನ ಬೆಳಿಗ್ಗೆ ಸಾಹೇಬರು ಬಂದು ನಕಲು ನೋಡಿದರು. ಅಷ್ಟು ಹೊತ್ತು ಬಾಯಲ್ಲಿದ್ದ ಎಲೆಅಡಿಕೆ ಹಾಗೇ ನಿಂತಿತು.

"ಇವಳ ಗಂಡ ಯಾವಾಗ ತೀರ್ಕೊಂಡ?"

"ತೀರ್ಕೊಂಡಿಲ್ಲ ಸಾಹೇಬ್ರೇ. ಕಾಗದ ಬಂದಿಲ್ಲ."

"ಯಾ ಅಲ್ಲಾ! ಕ್ಯಾ ಕರ್ಯಾ ರೇ ತೂ! ಏನ್ ಮಾಡ್ಬಿಟ್ಟೆಯೋ! ರೆಲಿಕ್ಟ್ ಅಂದ್ರೆ ಏನು ಗೊತ್ತೇನೋ? ಗಂಡ ಸತ್ತು ಹಿಂದೆ ಉಳಿದವಳು. ಬಿಟ್ಟುಹೋದದ್ದು ಅಂತ ಲ್ಯಾಟಿನ್ ಮಾತು. ವಿಡೋ ಅನ್ನೋಕೆ ಹಳೇ ಕೋರ್ಟಿನೋರು ಹಾಗೆ ಬರೀತಿದ್ರು. ಅದೂ ಕೆಂಪು ಮಸೀಲಿ!"

ಅವಳ ಕೈಯ ಹಸಿರು ಬಳೆಗಳು ಕಣ್ಣ ಮುಂದೆ ಬಂದವು. ಟಪಾಲು ಕಚೇರಿಗೆ ಓಡಿದೆವು. ಚೀಲ ಆಗಲೇ ಬೆಂಗಳೂರಿನ ಬಸ್ಸಿಗೆ ಹೋಗಿತ್ತು. ಸಾಹೇಬರು ಯಾರದೋ ಸೈಕಲ್ಲು ಇಸಕೊಂಡರು. ನಾನು ತುಳಿದೆ, ಅವರು ಹಿಂದೆ ಕೂತರು. ಯುದ್ಧದ ಕಾಲದಲ್ಲಿ ಪೆಟ್ರೋಲು ಇರಲಿಲ್ಲ, ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಸುಮ್ಮನೆ ಮಾತಿಗೆ. ಚಿಕ್ಕಜಾಲದ ಹತ್ತಿರದ ಏರಿನಲ್ಲಿ ಬಸ್ಸು ನಿಂತಿತ್ತು, ಕ್ಲೀನರು ಹಿಂದಿನ ಒಲೆಗೆ ಇದ್ದಿಲು ತುಂಬುತ್ತಿದ್ದ. ಟಪಾಲು ಚೀಲದ ಕಾವಲಿಗೆ ಒಬ್ಬ ಜವಾನ ಚೀಲದ ಮೇಲೆಯೇ ಕೂತಿದ್ದ.

"ಸ್ವಾಮಿ, ಒಂದು ಕಾಗದ ವಾಪಸ್ ಬೇಕಾಗಿತ್ತು," ಎಂದೆ.

"ಯಾಕೆ?"

"ಅದ್ರಲ್ಲಿ ಬದುಕಿರೋನೊಬ್ಬ ಸತ್ತೋಗಿದಾನೆ."

"ಹಂಗಾದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಅರಗು ಮುದ್ರೆ ಹಾಕಿದ ಚೀಲ ನಾನು ಬಿಚ್ಚಲ್ಲ."

ಸಾಹೇಬರು ಇಂಪ್ಲೋರ್ ಮಟ್ಟದವರೆಗೂ ಇಳಿದರು. ಅವನು ಅಲ್ಲಾಡಲಿಲ್ಲ. ಅಷ್ಟರಲ್ಲಿ ಕಂಡಕ್ಟರು, "ಲೇ, ಕೈ ಖಾಲಿ ಇರೋರೆಲ್ಲ ತಳ್ರೋ!" ಎಂದು ಕೂಗಿದ. ನಮ್ಮ ಅನಾಹುತವನ್ನು ಹೊತ್ತ ಬಸ್ಸನ್ನು ನಾವೇ ಏರಿನ ತುದಿಯವರೆಗೆ ತಳ್ಳಿ ಕಳಿಸಿಕೊಟ್ಟೆವು.

ಅವತ್ತೇ ಸಾಹೇಬರು ಎರಡನೇ ಅರ್ಜಿ ಬರೆದರು. ಅವಳು ವಿಧವೆಯಲ್ಲ, ಹೆಂಡತಿ ಎಂದು ಒಂದೇ ಸಾಲು ಬರೆದಿದ್ದರೆ ಸಾಕಾಗಿತ್ತು. ಅವರ ಕೈ ಕೇಳಬೇಕಲ್ಲ. ಹೆಂಡತಿಗೆ 'ಹೆಲ್ಪ್‌ಮೀಟ್' ಎಂದು ಬೈಬಲ್ಲಿನ ಕಾಲದ ಮಾತು ಹಾಕಿದರು. ಗಂಡ ಬದುಕಿದ್ದಾನೆ ಎಂದು ನಮಗೂ ಖಾತ್ರಿಯಿಲ್ಲವಲ್ಲ, ಅದಕ್ಕೆ 'ಹ್ಯಾಪ್ಲಿ' ಎಂದು ಸೇರಿಸಿದರು. ಪ್ರಾಯಶಃ ಎಂಬುದಕ್ಕೆ ಇನ್ನೂರು ಮುನ್ನೂರು ವರ್ಷ ಹಿಂದಿನ ಮಾತು. ಅದನ್ನೂ ನಾನೇ ನಕಲು ಮಾಡಿದೆ, ಅದೇ ಗುಂಡಗಿನ ಅಕ್ಷರದಲ್ಲಿ.

ಆಮೇಲಿನ ಎರಡು ತಿಂಗಳು ನಾನು ಪಟ್ಟ ಪಾಡು ಯಾವ ಜೂನಿಯರಿಗೂ ಬೇಡ. ಪ್ರತಿ ಸಂತೆಗೂ ಅಕ್ಕಯ್ಯಮ್ಮ ಚಕ್ಕೋತ ತರುವಳು. ಜವಾಬು ಬಂತಾ ಎನ್ನುವಳು. ನಾನು ಹಣ್ಣು ಬೇಡ ಎನ್ನಲಾರದೆ, ತಿನ್ನಲಾರದೆ ಸಾಯುತ್ತಿದ್ದೆ. ಅದಕ್ಕಿಂತ ಹೆಚ್ಚಿನದು, ಅವಳು ಆ ಮಾತನ್ನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. "ನೋಡ್ರೇ, ನಾನು ಬೈರಪ್ಪನ ರೆಲಿಕ್ಟು. ಸರ್ಕಾರದ ಕಾಗದದಾಗೆ ಕೆಂಪಗೆ ಬರ್ದೈತೆ," ಎಂದು ಬಾವಿಕಟ್ಟೆಯ ಹತ್ತಿರ ಹೇಳಿದಳಂತೆ. ಹೆಂಗಸರು ಹೊಟ್ಟೆಕಿಚ್ಚು ಪಟ್ಟರಂತೆ. ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವಳು ಬಳೆ ಸರಿಮಾಡಿಕೊಂಡಳು. ಬಾಯಿ ಮುಚ್ಚಿಕೊಂಡೆ. ಅವತ್ತಿನಿಂದ ಇವತ್ತಿನವರೆಗೆ ಅರ್ಥ ಗೊತ್ತಿಲ್ಲದ ಒಂದು ಮಾತನ್ನೂ ನಾನು ನಕಲು ಮಾಡಿಲ್ಲ.

ಕೊನೆಗೊಂದು ದಿನ ಅಮಲ್ದಾರರು ಸಾಹೇಬರು, ನಾನು, ಅಕ್ಕಯ್ಯಮ್ಮ ಮೂವರನ್ನೂ ಕರೆಸಿದರು. ಮೇಜಿನ ಮೇಲೆ ಮಿಲಿಟರಿ ಕಚೇರಿಯ ಉದ್ದನೆಯ ಲಕೋಟೆ. ಅಕ್ಕಯ್ಯಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು. ಅವಳ ಬಳೆಗಳು ಸದ್ದು ಮಾಡುತ್ತಿದ್ದವು. ಅಮಲ್ದಾರರು ಓದಿ ಓದಿ ಕನ್ನಡದಲ್ಲಿ ಹೇಳಿದರು.

"'ನಿಮ್ಮ ತಾಲ್ಲೂಕಿನಿಂದ ಒಂದೇ ಕೈಬರಹದ ಎರಡು ಅರ್ಜಿ ಬಂದಿವೆ. ಒಂದರ ಪ್ರಕಾರ ಸಿಪಾಯಿ ಬೈರಪ್ಪ ಸತ್ತಿದ್ದಾನೆ. ಇನ್ನೊಂದರ ಪ್ರಕಾರ ಪ್ರಾಯಶಃ ಬದುಕಿದ್ದಾನೆ. ಸದರಿಯವನನ್ನು ಕರೆಸಿ ನೋಡಲಾಗಿ, ಅವನು ಆರೋಗ್ಯವಾಗಿದ್ದು ಚೆನ್ನಾಗಿ ಊಟ ಮಾಡುತ್ತಿರುವುದು ಕಂಡುಬಂದಿದೆ.'"

ಅಕ್ಕಯ್ಯಮ್ಮ ಗೋಡೆ ಹಿಡಿದುಕೊಂಡು ಹಾಗೇ ಕೆಳಗೆ ಕುಸಿದು ಕೂತಳು. ಮುಖದ ಮೇಲೆ ನೀರು ಇಳಿಯಿತು. ಇದ್ದಕ್ಕಿದ್ದ ಹಾಗೆ ತಲೆ ಎತ್ತಿದಳು.

"ಊಟ ಮಾಡ್ತಾವ್ನಾ? ಹತ್ತು ತಿಂಗ್ಳು ನಂಗೊಂದ್ ಕಾಗ್ದ ಹಾಕ್ದೆ, ಚೆನ್ನಾಗಿ ಊಟ ಮಾಡ್ತಾವ್ನಾ?" ಆಮೇಲೆ ಉಳಿದದ್ದು ನೆನಪಾಯಿತು. "ಸತ್ತವ್ನೆ ಅಂತ ಬರ್ದೋರ್ಯಾರು?"

ಸಾಹೇಬರು ಬಾಯಿ ತೆರೆಯುವ ಮುಂಚೆ ನಾನೇ ಕೈ ಎತ್ತಿದೆ. "ಆ ಕೆಂಪು ಮಾತು ಕಣಕ್ಕ. ಅದರ ಅರ್ಥ ಅದು. ನಂಗೆ ಗೊತ್ತಿರ್ಲಿಲ್ಲ."

"ಅಯ್ಯೋ ನಿನ್ ಮನೆ ಕಾಯ್ವಾಗ! ನನ್ ಕೈಯಾರೆ ಹೆಬ್ಬೆಟ್ಟು ಹಾಕ್ಸಿ ನನ್ನ ಮುಂಡೆ ಮಾಡ್ಬಿಟ್ಯಲ್ಲೋ! ಊರೆಲ್ಲ ಹೇಳ್ಕೊಂಡ್ ಬಂದ್ನಲ್ಲೋ! ನಮ್ಮತ್ತೆಗೂ ಹೇಳ್ಕೊಟ್ಟಿದ್ದೀನಿ ಕಣೋ ಆ ಮಾತ!" ಎಂದವಳೇ ನನಗೆಂದು ತಂದಿದ್ದ ಚಕ್ಕೋತವನ್ನೇ ಎತ್ತಿ ಬೀಸಿದಳು. ನಾನು ಬಗ್ಗಿದೆ. ಅದು ಅಮಲ್ದಾರರ ಮಸಿಕುಡಿಕೆಗೆ ಬಡಿದು, ಇಡೀ ದೇವನಹಳ್ಳಿ ತಾಲ್ಲೂಕಿನ ನಕ್ಷೆ ನೀಲಿಯಾಯಿತು.

ಅಮಲ್ದಾರರು ಮುಖ ಒರೆಸಿಕೊಂಡು, ಕಾಗದದ ಕೊನೆಯ ಭಾಗ ಓದಿದರು. ಮೊದಲನೇ ಅರ್ಜಿ ಬಂದ ಕೂಡಲೇ ಬೈರಪ್ಪನ ಹೆಸರನ್ನು ಹಾಜರಿಯಿಂದ ತೆಗೆದುಹಾಕಿದ್ದರಂತೆ. ಒಮ್ಮೆ ತೆಗೆದ ಹೆಸರನ್ನು ಸುಮ್ಮನೆ ಮತ್ತೆ ಬರೆಯುವ ಹಾಗಿಲ್ಲ. ಆದ್ದರಿಂದ ಅವನನ್ನು ಊರಿಗೆ ಕಳಿಸಲಾಗಿದೆ. ತನ್ನ ಗಂಡ ಬದುಕಿದ್ದಾನೆಂದು ಹೆಂಡತಿ ಹೊಸದಾಗಿ ಅರ್ಜಿ ಬರೆಸಿ, ಅಮಲ್ದಾರರ ಸಹಿ ಹಾಕಿಸಿ ಕಳಿಸಿದ ಮೇಲೆ ಅವನನ್ನು ಪುನಃ ಯುದ್ಧದ ಕೆಲಸಕ್ಕೆ ಕರೆಸಿಕೊಳ್ಳಲಾಗುವುದು.

ನಾಲ್ಕನೇ ದಿನಕ್ಕೆ ಬೈರಪ್ಪ ಬಂದ. ಬೂಟು ಹಾಕಿಕೊಂಡು, ಗಂಟು ಹೊತ್ತುಕೊಂಡು, ಹೆಂಡತಿಯ ಹಿಂದೆ ಹೊಂಗೆ ಮರದ ಹತ್ತಿರ ಬಂದು ನಿಂತ. ಸಣ್ಣಗೆ ಒಣಗಿದ್ದ, ಸಾಧು ಮನುಷ್ಯ.

"ನಂಗೆ ಕಾಗದ ಬರ್ಕೊಡ್ತಿದ್ದೋನು ಬೇರೆ ಕಡೆ ಹೋಗ್ಬಿಟ್ಟ ಸ್ವಾಮಿ. ಹೊಸಬನ ಕೈಲಿ ಬರೆಸಿದ್ರೆ, ನಾನು ಇವಳಿಗೆ ಹೇಳಿದ್ದನ್ನೆಲ್ಲ ಅವನು ಎಲ್ಲರ ಮುಂದೆ ಓದಿ ನಗ್ತಿದ್ದ. ನಾಚ್ಕೆಯಾಗಿ ಬಿಟ್ಬಿಟ್ಟೆ. ಆಮೇಲೆ ಒಂದಿನ ಹಾಜರಿ ಕರೀವಾಗ ನನ್ ಹೆಸರೇ ಇಲ್ಲ. 'ಇದೀನಿ ಸಾರ್' ಅಂದೆ. 'ಕಾಗದದಲ್ಲಿ ಸತ್ತಿದೀಯ' ಅಂದ್ರು. ಸತ್ತೋನಿಗೆ ರೊಟ್ಟಿ ಕೊಡಲ್ಲ ಅಂದ್ರು. ಸಿಕ್ಸಿಕ್ಕೋರ ತಟ್ಟೇಲಿ ಉಂಡೆ."

"ಇನ್ನರ್ಧ ಗಂಟೆ ಕೂತ್ಕೊಳ್ಳಪ್ಪ. ಈಗ್ಲೇ ನಿನ್ನ ಬದುಕಿಸ್ತೀನಿ," ಎಂದು ಹೊಸ ಹಾಳೆ ತೆಗೆದೆ.

ಅಕ್ಕಯ್ಯಮ್ಮ ಗಂಡನನ್ನು ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಕಳಿಸಿದಳು. ಅವನು ಒಳಗೆ ಹೋದದ್ದನ್ನು ನೋಡಿ, ಪೆಟ್ಟಿಗೆಯ ಹತ್ತಿರ ಸರಿದು ಕೂತು, ನನ್ನ ಹಾಳೆಯ ಮೇಲೆ ಕೈಯಿಟ್ಟಳು.

"ಅರ್ಧ ಗಂಟೆ ಯಾಕಣ್ಣ?"

"ಏನಕ್ಕ?"

"ನಂಗೇನೂ ಅವಸರ ಇಲ್ಲ. ಸತ್ತೋನ್ನ ಯಾರೂ ಯುದ್ಧಕ್ಕೆ ಕರಿಯಲ್ಲ."

ನಾನು ಸಾಹೇಬರ ಮುಖ ನೋಡಿದೆ. ಅವರು ಮರದ ಮೇಲಿನ ಕಾಗೆಯನ್ನು ನೋಡುತ್ತಿದ್ದರು.

"ಅವತ್ತು ಆತುರದಾಗೆ ಬರ್ದು ಹಿಂಗಾಯ್ತು. ಈ ಸಲ ನಿಧಾನವಾಗಿ, ಒಳ್ಳೆ ಮಾತು ಹುಡುಕಿ ಬರಿ. ಸಿಗೋ ತನಕ ಮಸಿ ಮುಟ್ಬೇಡ," ಎಂದಳು.

ಸಾಹೇಬರು ಕಾಗೆಯಿಂದ ಕಣ್ಣು ತೆಗೆಯದೆ, ಆ ಇಟ್ಟಿಗೆಯಂಥ ನಿಘಂಟನ್ನು ನನ್ನ ಕಡೆ ತಳ್ಳಿದರು. "ಬದುಕಿದ್ದಾನೆ ಅನ್ನೋದಕ್ಕೆ ಸರಿಯಾದ ಪದ ಎಲ್ಲಿದೆಯೋ ಏನೋ ಬೇಟಾ. ಮೊದಲನೇ ಪುಟದಿಂದ ನೋಡ್ಕೊಂಡು ಬಾ. ನಿಂಗೆ ಓದೋಕೆ ಬಾರದೇ ಇರೋದನ್ನ ನಾನು ಹೇಳ್ಕೊಡ್ತೀನಿ. ದಿನಕ್ಕೆ ಎರಡು ಪುಟ ಸಾಕು."

ಒಂದೂವರೆ ತಿಂಗಳು ಕಳೆದು ಅಮಲ್ದಾರರು ವರಾಂಡದಲ್ಲಿ ನನ್ನನ್ನು ತಡೆದರು. "ಬೈರಪ್ಪನ ಅರ್ಜಿ ಎಲ್ಲಯ್ಯ?"

"ಸರಿಯಾದ ಪದ ಹುಡುಕ್ತಾ ಇದೀನಿ ಸ್ವಾಮಿ."

"ಯಾವ ಅಕ್ಷರದಲ್ಲಿದ್ದೀಯ?"

"ಬಿ."

ಅವರು ನೀಲಿ ಪೆನ್ಸಿಲನ್ನು ಜೇಬಿನಲ್ಲಿಟ್ಟುಕೊಂಡರು. "ಎಚ್ಚರಿಕೆಯಿಂದ ಹುಡುಕು. ಪುಟ ಬಿಡಬೇಡ," ಎಂದು ಒಳಗೆ ಹೋದರು.

ಬೈರಪ್ಪ ಮುಂಗಾರಿಗೆ ರಾಗಿ ಬಿತ್ತಿದ, ಕಳೆ ತೆಗೆದ, ಕೊಯ್ದ, ಮತ್ತೆ ಬಿತ್ತಿದ. ಯುದ್ಧ ನಿಂತಿತೆಂದು ಕಚೇರಿಯ ಮುಂದೆ ತಮಟೆ ಹೊಡೆಸಿ ಸಾರಿದ ದಿನ ನಾನು 'ಎಸ್' ಅಕ್ಷರದ ಹನ್ನೊಂದನೇ ಪುಟದಲ್ಲಿದ್ದೆ.